ಹಾಲ್ವರ್‌ನ ಮುಗಿಯದ ಹೋಲಿಕೆ

ಮೊಂಟಾನಾದ ಆ ಪುಟ್ಟ ಊರಿನಲ್ಲಿ ಹಾಲ್ವರ್‌ನ ಅಂಗಡಿಯಿಂದ ಬಂದೂಕು ಕೊಳ್ಳುವುದಕ್ಕಿಂತ ಕರಡಿಯ ಬಾಯಿಂದ ಜೇನು ಕಸಿಯುವುದು ಸುಲಭ. ಪಿಸ್ತೂಲಿನ ಗುಂಡನ್ನೇ ಹಾರಿಸುವ ಕೆಳಗಿನ ಹಿಡಿ ಎಳೆದು ಗುಂಡೇರಿಸುವ ಲಿವರ್ ರೈಫಲ್ ಕೇಳಿದರಂತೂ ಬೇರೆ ಬೇರೆ ಅಳತೆಯ ಗುಂಡಿನ ಎರಡನ್ನು ಮೇಜಿನ ಮೇಲೆ ಮಲಗಿಸಿ, ಮದುವೆ ದಲ್ಲಾಳಿಯಂತೆ ಗುಣಗಾನ ಶುರುಮಾಡುತ್ತಾನೆ. “ಮುನ್ನೂರೈವತ್ತೇಳರ ಗುಂಡು ಭುಜಕ್ಕೆ ಮೆತ್ತಗೆ, ಜಿಂಕೆಗೆ ಸಾಕು. ನಲವತ್ನಾಲ್ಕರದ್ದು ಕತ್ತೆ ಥರ ಒದೆಯುತ್ತೆ ಕಣಯ್ಯಾ, ಆದ್ರೆ ಕರಡಿ ಎದುರಾದ್ರೆ ಅದೇ ನಿನ್ನ ತಮ್ಮ!” ಗಿರಾಕಿ ಒಂದನ್ನು ಒಪ್ಪಿದೊಡನೆ ಇವನು ಇನ್ನೊಂದರ ಪಕ್ಷ ವಹಿಸುತ್ತಾನೆ. “ಕೊಡೋ ಮಾರಾಯ, ಬೇಟೆ ಕಾಲವೇ ಮುಗಿದೋಗುತ್ತೆ!” ಎಂದು ದನ ಸಾಕುವ ಡೆಲ್ಬರ್ಟ್ ಗೋಗರೆದರೂ, ಲಿವರನ್ನು ಇಪ್ಪತ್ತು ಸಲ ಎಳೆದು ಸದ್ದು ಕೇಳಿಸದೆ ಬಿಡುವುದಿಲ್ಲ. ಕಳೆದ ಮಾರ್ಚ್‌ನಲ್ಲಿ, ಹೆಂಡತಿಯನ್ನು ಮಣ್ಣು ಮಾಡಿ ತಿಂಗಳೂ ಆಗದ ವೆಂಡೆಲ್ ಬಂದ. ಮೇಜಿನ ಮೇಲಿನ ಎರಡು ರೈಫಲುಗಳತ್ತ ಕಣ್ಣೂ ಹಾಯಿಸದೆ, “ಯಾವುದಾದ್ರೂ ಸರಿ, ಬೇಗ ಕೊಡು,” ಎಂದ. ಯಾವುದಾದರೂ ಸರಿ ಎಂದವನನ್ನು ಹಾಲ್ವರ್ ಅದುವರೆಗೆ ಕಂಡಿರಲಿಲ್ಲ. ಈ ಬಂದೂಕು ಬೇಟೆಗಲ್ಲ ಎಂದು ಅವನಿಗೆ ಹೊಳೆಯಿತು. ಎರಡನ್ನೂ ಕಪಾಟಿಗೆ ಸೇರಿಸಿ, ಬೀಗ ಜಡಿದು, ಕಾಫಿ ಬಗ್ಗಿಸಿ ಕೊಟ್ಟು, ಬರಿಗೈಯಲ್ಲೇ ಹೋಲಿಸತೊಡಗಿದ. ಸಂಜೆಗೆ ಅಂಗಡಿ ಮುಚ್ಚಿ, “ಉಳಿದದ್ದು ಊಟಕ್ಕೆ ಕೂತು ಹೇಳ್ತೀನಿ, ಏಳು,” ಎಂದು ತೋಳು ಹಿಡಿದು ಮನೆಗೆ ಕರೆದೊಯ್ದ. ವೆಂಡೆಲ್ ಆ ಮನೆಯಲ್ಲಿ ಬೇಸಿಗೆಯವರೆಗೂ ಉಳಿದ. ಹಾಲ್ವರ್ ಅಲ್ಲಿಯವರೆಗೂ ಮಾತು ಮುಗಿಸಲಿಲ್ಲ.