ಮಟಾಮು ಒಡೆದ ಮಧ್ಯಾಹ್ನ

ನಾನು ಹಿರಿಯೂರಿನಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದಾಗ ತಾಲ್ಲೂಕು ಕ್ರೀಡಾಂಗಣಕ್ಕೆ ಸರ್ಕಾರದ ಹಣ ಮಂಜೂರಾಯಿತು. ಎಸ್ಟಿಮೇಟ್ ಮಾಡಿದವನು ನಾನೇ. ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ಎಲ್ಲಿ ಅಗೆದರೂ ಬಂಡೆಯೇ ಎಂಬುದು ತಲೆಯಲ್ಲಿ ಕೂತುಬಿಟ್ಟಿತ್ತು. ಒಂದು ಗುಂಡಿಯನ್ನೂ ತೋಡಿಸಿ ನೋಡದೆ, ದುರ್ಗದ ಹಳೆಯ ಕಾಮಗಾರಿಯೊಂದರ ಅಂದಾಜು ಎದುರಿಗಿಟ್ಟುಕೊಂಡು, ಅಗೆತದಲ್ಲಿ ಅರ್ಧ ಭಾಗ ಗಟ್ಟಿ ಬಂಡೆ ಎಂದು ಬರೆದೆ. ಮಣ್ಣು ಅಗೆಯುವ ದರಕ್ಕೂ ಬಂಡೆ ಒಡೆಯುವ ದರಕ್ಕೂ ಅಜಗಜಾಂತರ. ಮೇಲಿನವರು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದರು.

ಬಬ್ಬೂರಿನ ಕಡೆಯ ಆ ಜಾಗದಲ್ಲಿ ಸಿಕ್ಕಿದ್ದು ಬರೀ ಎರೆಮಣ್ಣು. ಆಳೆತ್ತರ ಅಗೆದರೂ ಬಂಡೆಯ ಸುಳಿವಿಲ್ಲ. ಅಗೆಯುವಾಗ ಅಲ್ಲಲ್ಲಿ ನೆಲವನ್ನು ಕಂಬದಂತೆ ಮುಟ್ಟದೆ ಬಿಡುತ್ತೇವೆ. ಅದೇ ಮಟಾಮು. ಎಷ್ಟು ಆಳ, ಎಂಥ ನೆಲ ಎಂಬುದಕ್ಕೆ ಅಳತೆಯ ದಿನ ಅದೇ ಸಾಕ್ಷಿ. ನಮ್ಮ ಮೇಸ್ತ್ರಿ ತಿಪ್ಪೇಸ್ವಾಮಿ ಎಂಟು ಮಟಾಮು ಬಿಡಿಸಿದ್ದ.

ಅಳತೆಗೆ ಹೋದ ಮಧ್ಯಾಹ್ನ ಗುತ್ತಿಗೆದಾರ ನಾಲ್ವರನ್ನು ಕಟ್ಟಿಕೊಂಡು ಬಂದ. “ಎಸ್ಟಿಮೇಟ್‌ನಾಗೆ ಬಂಡೆ ಅಂತ ನೀವೇ ಬರ್ದೀರಿ. ಅಳತೆ ಪುಸ್ತಕದಾಗೂ ಹಂಗೇ ಬರ್ಕಂಡು ಸಹಿ ಹಾಕ್ರಿ.”

“ಬಂಡೆ ಎಲ್ಲೈತೆ ತೋರಿಸ್ರಿ,” ಎಂದೆ.

ಅವನು ತನ್ನವರ ಕಡೆ ತಿರುಗಿದ. “ಲೇ, ಒಂದು ಮಟಾಮೂ ಉಳೀಬಾರ್ದು. ಕೆಡವ್ರಲೇ!”

ಹಾರೆಗಳು ಎದ್ದವು. ಏಳು ಮಟಾಮು ಉರುಳಿದವು. ಎಂಟನೆಯದಕ್ಕೆ ತಿಪ್ಪೇಸ್ವಾಮಿ ಕೈ ಅಗಲಿಸಿ ಅಡ್ಡ ನಿಂತ. “ಇದೊಂದು ಬಿಡ್ರಪ್ಪಾ!” ಹಾರೆ ಅವನ ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಮತ್ತೊಂದು ಏಟು, ಅದೇ ಕೈಗೆ. ಬಿಡಿಸಲು ನುಗ್ಗಿದ ನನ್ನ ಹಣೆ ಸೀಳಿತು, ಕನ್ನಡಕ ಪುಡಿಯಾಯಿತು. ಕಣ್ಣೊಳಗೆಲ್ಲ ರಕ್ತ. ಅಳತೆ ಪುಸ್ತಕವನ್ನು ಹೊಟ್ಟೆಯಡಿ ಹಾಕಿಕೊಂಡು ಬಿದ್ದುಕೊಂಡೆ, ಪಕ್ಕೆಗೆ ಒದ್ದರು. ಗುತ್ತಿಗೆದಾರ ನನ್ನ ಬೆರಳುಗಳನ್ನು ಬೂಟಿನಲ್ಲಿ ತುಳಿದು, “ಸಹಿ ಹಾಕದ ಕೈ ಇದೇ ಏನಲೇ?” ಎಂದ. ಆ ಕ್ಷಣ ಕೈಗೆ ಹಾರೆ ಸಿಕ್ಕಿದ್ದರೆ ಅವನನ್ನು ಕೊಂದೇಬಿಡುತ್ತಿದ್ದೆ. ಕೂಲಿಯವರು ಗುದ್ದಲಿ ಹಿಡಿದು ನುಗ್ಗಿದ ಮೇಲೆ ಅವರೆಲ್ಲ ಓಡಿದರು.

ಉಳಿದ ಆ ಒಂದೇ ಮಟಾಮಿನ ಮೇಲೆ ಇಡೀ ಅಗೆತಕ್ಕೆ ಮಣ್ಣಿನ ದರವೇ ನಿಂತಿತು. ಗುತ್ತಿಗೆದಾರನ ಮೇಲೆ ಕೇಸಾಯಿತು. ಅಂದಾಜು ತಪ್ಪು, ತಪ್ಪು ನನ್ನದೇ ಎಂದು ಇಲಾಖೆಗೆ ನಾನೇ ಬರೆದುಕೊಟ್ಟೆ, ಬಡ್ತಿ ತಡೆದರು. ಸರ್ಕಾರದ ಹಣ ಉಳಿಸಿದೆನೆಂಬ ಹೆಮ್ಮೆಯಲ್ಲೇ ತಿಪ್ಪೇಸ್ವಾಮಿಯನ್ನು ನೋಡಲು ಆಸ್ಪತ್ರೆಗೆ ಹೋದೆ. ಆ ಕೈಯಲ್ಲಿ ಇನ್ನು ಕರಣೆ ಹಿಡಿಯಲಾಗದು ಎಂದು ಡಾಕ್ಟರು ಹೇಳಿಯಾಗಿತ್ತು.

ಅವನು ಬೈಯಲಿಲ್ಲ. “ಸಾರ್, ಎಸ್ಟಿಮೇಟ್ ಬರೆಯಾಕೆ ಮುಂಚೆ ನನಗೊಂದು ಮಾತು ಹೇಳಿದ್ರೆ, ಅರ್ಧ ದಿನದಾಗೆ ಗುಂಡಿ ತೋಡಿ ತೋರಿಸ್ತಿದ್ನಲ್ಲ,” ಎಂದ.

ಆಮೇಲೆ ನಿವೃತ್ತಿಯವರೆಗೂ ಗುಂಡಿ ತೋಡಿಸದೆ ಒಂದು ಎಸ್ಟಿಮೇಟನ್ನೂ ಬರೆಯಲಿಲ್ಲ. ಪಾಠ ಕಲಿತವನು ನಾನು, ಕೈ ಕಳೆದುಕೊಂಡವನು ಅವನು.