ಕಾಕು, ಮಾಶಿಮಾ ಮತ್ತು ಸಿಗದ ಲೈಬ್ರರಿ

ಹಳೆಯ ಕಂಪ್ಯೂಟರನ್ನು ಬಹಳ ದಿನಗಳ ಮೇಲೆ ಚಾಲೂ ಮಾಡಿದರೆ ಒಂದು ವಾಸನೆ ಬರುತ್ತದೆ. ನಿಮಗೂ ಗೊತ್ತಿರಬಹುದು, ಬಿಸಿಯಾದ ಧೂಳಿನ ವಾಸನೆ. ಕಳೆದ ಭಾನುವಾರ ಬೆಹಾಲಾದ ಒಂದು ಮನೆಯಲ್ಲಿ ನಾನು ಸ್ವಿಚ್ ಒತ್ತಿದಾಗ ಧೂಳಿನ ಜೊತೆಗೆ ಧೂಪದ ವಾಸನೆಯೂ ಬಂತು. ಸುಲೋಚನಾ ಕಾಕು ದಿನಾ ಸಂಜೆ ಆ ಕಂಪ್ಯೂಟರಿನ ಪಕ್ಕದಲ್ಲೇ ಧೂಪ ಹಾಕುತ್ತಾರೆ. ಅದರ ಫ್ಯಾನು ಇಷ್ಟು ವರ್ಷ ಆ ಹೊಗೆಯನ್ನು ಭಕ್ತಿಯಿಂದ ಒಳಗೆಳೆದುಕೊಂಡಿದೆ. ಕಾಕು ಬೆಳಿಗ್ಗೆಯೇ ಫೋನ್ ಮಾಡಿ, ಅದರೊಳಗಿನ ಚೆಸ್ ಆಟಗಳನ್ನೆಲ್ಲ ಹೊರಗೆ ತೆಗೆದುಕೊಡಬೇಕು, ನಾಲ್ಕು ಗಂಟೆಯೊಳಗೆ, ಎಂದು ಅಪ್ಪಣೆ ಮಾಡಿದ್ದರು. ನಾನು ನ್ಯೂ ಟೌನಿನಿಂದ ಇಡೀ ಊರನ್ನು ದಾಟಿ ಬಂದಿದ್ದೆ. ಆ ಯಂತ್ರದ ವಿಷಯದಲ್ಲಿ ಕಾಕು ಕರೆದರೆ ಒಲ್ಲೆ ಎನ್ನುವ ಹಕ್ಕು ನನಗಿಲ್ಲ. ಯಾಕಿಲ್ಲ ಎನ್ನುವುದೇ ಈ ಕಥೆ.

ಕೆಲವು ವರ್ಷಗಳ ಹಿಂದೆ ನಾನು ಆ ಕಟ್ಟಡದ ಎರಡನೇ ಮಹಡಿಯಲ್ಲಿ ಬಾಡಿಗೆಗಿದ್ದೆ. ಕೆಲಸ ಇದ್ದದ್ದು ಸಾಫ್ಟ್‌ವೇರ್ ಕಂಪನಿಗಳೇ ತುಂಬಿದ ಸೆಕ್ಟರ್ ಫೈವ್‌ನಲ್ಲಿ. ಊರಿನ ಈ ತುದಿಯಲ್ಲಿ ಮಲಗಿ ಆ ತುದಿಯಲ್ಲಿ ದುಡಿಯುವುದನ್ನು ಯಾವ ಬುದ್ಧಿವಂತನೂ ಮಾಡಲಾರ. ಆದರೆ ಮನೆ ಹುಡುಕುವಾಗ ಕೆಳಗಿನ ಮನೆಯಿಂದ ಕನ್ನಡದಲ್ಲಿ ಯಾರೋ ತರಕಾರಿಯವನನ್ನು ಬೈಯುವುದು ಕೇಳಿಸಿತು. ತುಮಕೂರಿನಿಂದ ಬಂಗಾಳಕ್ಕೆ ಬಂದು ಆರು ತಿಂಗಳಾಗಿದ್ದ ನನಗೆ ಕಣ್ಣು ತುಂಬಿ ಬಂತು, ಅಲ್ಲೇ ಒಪ್ಪಿಕೊಂಡುಬಿಟ್ಟೆ. ಬೈಯುತ್ತಿದ್ದವರು ಸುಲೋಚನಾ ಕಾಕು. ಧಾರವಾಡದವರು. ಕೇಂದ್ರ ಸರಕಾರದ ದೂರವಾಣಿ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಯಜಮಾನರು ತೀರಿಹೋಗಿ ಬಹಳ ವರ್ಷವಾಗಿತ್ತು. ಮೊದಲ ದಿನವೇ, ನನ್ನನ್ನು ಕಾಕು ಅಂತ ಕರೆ, ಎಂದರು. ಧಾರವಾಡದ ಕಡೆ ಕಾಕು ಎಂದರೆ ಚಿಕ್ಕಮ್ಮ. ನಾನು ಮೆಟ್ಟಿಲ ಮೇಲೆ ನಿಂತು "ಕಾಕು" ಎಂದು ಕೂಗಿದರೆ ಕಟ್ಟಡದವರೆಲ್ಲ ನಗುತ್ತಿದ್ದರು. ಬಂಗಾಳಿಯಲ್ಲಿ ಕಾಕು ಎಂದರೆ ಚಿಕ್ಕಪ್ಪ. ಅಷ್ಟು ಜರಬಿನ ಹೆಂಗಸನ್ನು ಚಿಕ್ಕಪ್ಪ ಎನ್ನುವುದು ತಪ್ಪಲ್ಲ ಎಂದು ಅವರಿಗೂ ಅನ್ನಿಸಿರಬೇಕು, ಯಾರೂ ತಿದ್ದಲಿಲ್ಲ.

ಮೊದಲನೇ ಮಹಡಿಯಲ್ಲಿದ್ದವರು ದತ್ತಾ ಮಾಶಿಮಾ, ಬಂಗಾಳಿಯಲ್ಲಿ ಮಾಶಿಮಾ ಎಂದರೆ ತಾಯಿಯ ಅಕ್ಕತಂಗಿ. ಅವರೂ ಅದೇ ಕಚೇರಿಯಿಂದ ನಿವೃತ್ತರು. ಇಬ್ಬರೂ ಒಂದೇ ಮೇಜಿನಲ್ಲಿ ಕೂತು, ಒಂದೇ ಡಬ್ಬಿ ಹಂಚಿಕೊಂಡು, ಊಟದ ಬಿಡುವಿನಲ್ಲಿ ಚೆಸ್ ಆಡಿದವರು. ಮುಪ್ಪಿನಲ್ಲೂ ಒಟ್ಟಿಗೆ ಇರೋಣವೆಂದು ಒಂದೇ ಕಟ್ಟಡದಲ್ಲಿ ಮನೆ ಮಾಡಿದವರು. ಆದರೆ ನಾನು ಬರುವ ಹೊತ್ತಿಗೆ ಅವರು ಒಬ್ಬರೊಡನೊಬ್ಬರು ಮಾತು ಬಿಟ್ಟು ಏಳೆಂಟು ವರ್ಷ ಕಳೆದಿತ್ತು. ಕಾಕು ಅವರ ಬೀಳ್ಕೊಡುಗೆಯ ದಿನ ಮಾಶಿಮಾ ಭಾಷಣ ಮಾಡುತ್ತಾ, ಒಬ್ಬ ಮದ್ರಾಸಿ ಇಷ್ಟು ಚೆನ್ನಾಗಿ ಬಂಗಾಳಿ ಮಾತಾಡುವುದನ್ನು ನಾನು ಕಂಡಿಲ್ಲ ಎಂದು ಹೊಗಳಿದರಂತೆ. ಮೂವತ್ತು ವರ್ಷ ಧಾರವಾಡದ ಪೇಢೆ ತಿಂದ ಬಾಯಿಯಿಂದ ಮದ್ರಾಸಿ ಎಂಬ ಮಾತು. ಕಾಕು ಹಾರ ತೆಗೆದಿಟ್ಟು ಮನೆಗೆ ಬಂದರು. ಮಾತು ಅವತ್ತಿಗೆ ನಿಂತಿತು.

ಚೆಸ್ ಮಾತ್ರ ನಿಲ್ಲಲಿಲ್ಲ. ಮೊದಲು ಕಾಕು ಮನೆಯ ಮುಂದಿನ ಕೋಣೆಯಲ್ಲಿ ಮರದ ಬೋರ್ಡು ಇಟ್ಟುಕೊಂಡು ಒಬ್ಬರಿಲ್ಲದಾಗ ಇನ್ನೊಬ್ಬರು ಬಂದು ಕಾಯಿ ನಡೆಸುತ್ತಿದ್ದರು. ಕೆಲಸದವಳು ಧೂಳು ಒರೆಸುವಾಗ ಒಂಟೆಯನ್ನು ಒಂದು ಮನೆ ಸರಿಸಿದಳು. ಇಬ್ಬರೂ ಎದುರಾಳಿ ಮೋಸ ಮಾಡಿದಳೆಂದು ತಿಳಿದರು. ಆಮೇಲೆ ಕಚೇರಿಯವರು ವಿಲೇವಾರಿ ಮಾಡಿದ ಒಂದು ಕಂಪ್ಯೂಟರ್ ಬಂತು. ಅದರಲ್ಲಿ ಲಿನಕ್ಸ್ ಇತ್ತು, ಕಚೇರಿಯ ಯಾರೋ ಪುಣ್ಯಾತ್ಮ ಹಾಕಿಕೊಟ್ಟ ಒಂದು ಚೆಸ್ ಪ್ರೋಗ್ರಾಮೂ ಇತ್ತು. ಸಂಜೆ ಐದಕ್ಕೆ ಕಾಕು ಬಾಗಿಲಿಗೆ ಚಿಲಕ ಹಾಕದೆ ಪಾರ್ಕಿಗೆ ಹೋಗುತ್ತಿದ್ದರು. ಮಾಶಿಮಾ ಇಳಿದು ಬಂದು, ತಮ್ಮ ನಡೆ ನಡೆಸಿ, ಮೇಲೆ ಹೋಗುತ್ತಿದ್ದರು. ದಿನಕ್ಕೊಂದು ನಡೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವಂತಿಲ್ಲ.

ಇಂಥ ನೆಮ್ಮದಿಯ ವ್ಯವಸ್ಥೆಗೆ ನಾನು ಕೈ ಹಾಕಿದೆ.

ಆಗ ನನಗೆ ಇಪ್ಪತ್ತಾರು. ಯಾರ ಮನೆಯಲ್ಲಿ ಕಂಪ್ಯೂಟರ್ ಕಂಡರೂ ಅದನ್ನು ಉದ್ಧಾರ ಮಾಡದೆ ಬರುತ್ತಿರಲಿಲ್ಲ. ಕಾಕು ಯಂತ್ರದಲ್ಲಿದ್ದ ಲಿನಕ್ಸ್ ಅಜ್ಜನ ಕಾಲದ್ದು. ಇದು ಅಪಾಯ, ನಾಳೆ ಬಂದು ಹೊಸ ಆವೃತ್ತಿ ಹಾಕುತ್ತೇನೆ, ಅಂದೆ. ಹಾಕಿಕೊಡು ಎಂದು ಕಾಕು ಕೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ, ಯಾಕೆಂದರೆ ನನ್ನ ಮಾತಿನ ಅರ್ಧ ಅವರಿಗೆ ಕೇಳಿಸಿರಲಿಲ್ಲ, ಒಲೆಯ ಮೇಲೆ ಹಾಲಿತ್ತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಯಂತ್ರ ಹೊಸದಾಗಿ ಹೊಳೆಯಿತು. ಪರದೆಯ ಮೇಲೆ ಹಿಮಪರ್ವತದ ಚಿತ್ರ ಬಂತು. ಚೆಸ್ ಮಾತ್ರ ಬರಲಿಲ್ಲ. ಚಿತ್ರ ಒತ್ತಿದರೆ ಏನೋ ಆದಂತಾಗಿ ಏನೂ ಆಗುತ್ತಿರಲಿಲ್ಲ.

ಆ ಸಂಕಟವನ್ನು ಸ್ವಲ್ಪ ವಿವರಿಸಬೇಕು, ಸಹಿಸಿಕೊಳ್ಳಿ. ಲಿನಕ್ಸ್‌ನಲ್ಲಿ ಪ್ರತಿ ಪ್ರೋಗ್ರಾಮೂ ತನಗೆ ಬೇಕಾದ ಸಾಮಾನನ್ನೆಲ್ಲ ತಾನೇ ಹೊತ್ತು ತಿರುಗುವುದಿಲ್ಲ. ಚಿತ್ರ ಬಿಡಿಸುವುದು, ಅಕ್ಷರ ತೋರಿಸುವುದು, ಇಂಥ ಎಲ್ಲರಿಗೂ ಬೇಕಾದ ಕೆಲಸಕ್ಕೆ ಲೈಬ್ರರಿ ಎಂಬ ಕಡತಗಳು ಒಂದೇ ಕಡೆ ಇರುತ್ತವೆ. ಬೇಕಾದ ಪ್ರೋಗ್ರಾಮು ಅಲ್ಲಿಗೆ ಹೋಗಿ ಹೆಸರು ಹಿಡಿದು ಕರೆಯುತ್ತದೆ. ಹೊಸ ಆವೃತ್ತಿಯ ಲೈಬ್ರರಿ ಬಂದಾಗ ಹಳೆಯದನ್ನು ತೆಗೆದುಹಾಕುತ್ತಾರೆ, ಹೆಸರೂ ಬದಲಾಗುತ್ತದೆ. ಉಳಿದ ಪ್ರೋಗ್ರಾಮುಗಳೆಲ್ಲ ಹೊಸದಕ್ಕೆ ಹೊಂದಿಕೊಳ್ಳುತ್ತವೆ. ನಮ್ಮ ಚೆಸ್ಸನ್ನು ಬರೆದವರು ಯಾವತ್ತೋ ಅದರ ಕೈಬಿಟ್ಟಿದ್ದರು. ಅದು ಹಳೆಯ ಹೆಸರನ್ನೇ ಕರೆದು, ಉತ್ತರ ಬಾರದೆ, ಯಾರೂ ನೋಡದ ಕಡೆ ಒಂದೆರಡು ಸಾಲಿನ ದೂರು ಬರೆದಿಟ್ಟು ಸತ್ತುಹೋಗುತ್ತಿತ್ತು.

ಕಾಕು ಬಂದು ನೋಡಿದರು. ಐದೇ ನಿಮಿಷ ಎಂದೆ. ನಾನು ಮೊದಲು ಮಾಡಿದ್ದು ಶುದ್ಧ ಕಳ್ಳಾಟ. ಹೊಸ ಲೈಬ್ರರಿಗೆ ಹಳೆಯದರ ಹೆಸರಿನ ಚೀಟಿ ಅಂಟಿಸಿದೆ. ಚೆಸ್ ತೆರೆದುಕೊಂಡಿತು, ನನ್ನ ಎದೆ ಉಬ್ಬಿತು. ಅರವತ್ತನಾಲ್ಕು ಚೌಕಗಳೂ ಇದ್ದವು. ಕಾಯಿ ಒಂದೂ ಇರಲಿಲ್ಲ. ಕಾಯಿಗಳ ಚಿತ್ರವನ್ನು ಬಿಡಿಸಬೇಕಾದ್ದೇ ಆ ಲೈಬ್ರರಿ, ಹೆಸರು ಬದಲಾಯಿಸಿಕೊಂಡ ಮಾತ್ರಕ್ಕೆ ಹಳೆಯ ರೀತಿಯಲ್ಲಿ ಕೆಲಸ ಮಾಡಲು ಅದು ತಯಾರಿರಲಿಲ್ಲ. ಕಾಕು ಖಾಲಿ ಬೋರ್ಡನ್ನು ಸ್ವಲ್ಪ ಹೊತ್ತು ನೋಡಿ, ಯುದ್ಧ ಮುಗಿಯಿತೇನು ಎಂದು ಕೇಳಿ ಪಾರ್ಕಿಗೆ ಹೋದರು. ಮಾಶಿಮಾ ಇಳಿದು ಬಂದು, ಅದೇ ಬೋರ್ಡು ನೋಡಿ, ಕುರ್ಚಿಯನ್ನು ಮೇಜಿನಡಿ ಸರಿಸಿಟ್ಟು ಮೇಲೆ ಹೋದರು. ಅದು ಹೆಚ್ಚು ಚುಚ್ಚಿತು.

ನಾಲ್ಕು ದಿನ ಹಾಗೆಯೇ ಕಳೆಯಿತು. ಆಮೇಲೆ ನನಗೆ ತಿಳಿದದ್ದು ಏನೆಂದರೆ, ಆ ಪ್ರೋಗ್ರಾಮಿನಲ್ಲಿ ಪ್ರತಿ ನಡೆಯ ಕೆಳಗೂ ನಾಲ್ಕು ಸಾಲು ಟಿಪ್ಪಣಿ ಬರೆಯಲು ಜಾಗವಿತ್ತು. ಇಬ್ಬರೂ ಇಷ್ಟು ವರ್ಷ ಅಲ್ಲಿ ಬರೆಯುತ್ತಿದ್ದರು. ಕಚೇರಿಯ ಇಂಗ್ಲಿಷು, ಒಂದಷ್ಟು ಹಿಂದಿ, ಒಂದಷ್ಟು ಬಂಗಾಳಿ. ನೀರಿನ ಟ್ಯಾಂಕು, ಪಿಂಚಣಿ ಕಚೇರಿ, ಮಂಡಿ ನೋವು, ಯಾರು ಸತ್ತರು, ದಸರೆಯ ಪೂಜೋ ಪೆಂಡಾಲಿನಲ್ಲಿ ಈ ಸಲ ಏನು ಗಲಾಟೆ. ಮಾತು ಬಿಟ್ಟ ಇಬ್ಬರು ಹೆಂಗಸರ ಎಲ್ಲ ಮಾತೂ ಅಲ್ಲೇ ಇತ್ತು, ಆ ಪ್ರೋಗ್ರಾಮು ಬಿಟ್ಟರೆ ಬೇರಾವುದಕ್ಕೂ ಓದಲು ಬಾರದ ಒಂದು ಕಡತದಲ್ಲಿ. ಕಾಕು ಇದನ್ನು ನನಗೆ ಹೇಳಿದ್ದು ಶುಕ್ರವಾರ, ಮುಖ ತಿರುಗಿಸಿಕೊಂಡು, ಕಾಳು ಆರಿಸುತ್ತಾ. ಅದು ಹೋದರೆ ಹೋಗಲಿ ಬಿಡು, ಎಂದೂ ಸೇರಿಸಿದರು. ಕಾಳಿನ ಜೊತೆ ಕಲ್ಲೂ ಪಾತ್ರೆಗೆ ಬೀಳುತ್ತಿತ್ತು.

ಶನಿವಾರ ಮಧ್ಯಾಹ್ನ ನಾನು ನಿಜವಾದ ಅನಾಹುತ ಮಾಡಿದೆ. ಹಳೆಯ ಲೈಬ್ರರಿಯನ್ನೂ ಅದರ ಬಂಧುಬಳಗವನ್ನೂ ಎಲ್ಲಿಂದಲೋ ಇಳಿಸಿಕೊಂಡು, ಎಲ್ಲ ಪ್ರೋಗ್ರಾಮುಗಳೂ ಮೊದಲು ಹೋಗಿ ನೋಡುವ ಜಾಗದಲ್ಲೇ ತಂದು ಸುರಿದೆ. ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದೆ. ಪರದೆ ಕಪ್ಪಾಯಿತು. ಮೂಲೆಯಲ್ಲಿ ಒಂದು ಗೆರೆ ಮಿಣುಕುತ್ತಾ ನಿಂತಿತು. ಹಿಮಪರ್ವತ ಸಹಿತ ಎಲ್ಲವೂ ಹೋಗಿತ್ತು.

ನನ್ನ ಮುಖ ನೋಡಿ ಕಾಕು ಅವತ್ತು ಪಾರ್ಕಿಗೆ ಹೋಗಲಿಲ್ಲ. ಐದಕ್ಕೆ ಸರಿಯಾಗಿ ಮಾಶಿಮಾ ಬಂದರು. ಕಾಕು ಅಲ್ಲಿಯೇ ಇರುವುದನ್ನು ಕಂಡು ಬಾಗಿಲಲ್ಲಿ ನಿಂತರು. ಕಪ್ಪು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಕಾಕು ಕಡೆ ತಿರುಗಿ ಬಂಗಾಳಿಯಲ್ಲಿ ಕೇಳಿದರು:

"ಇವನಿಗೆ ಸೆಕ್ಟರ್ ಫೈವ್‌ನಲ್ಲಿ ಕೆಲಸ ಕೊಟ್ಟವರು ಯಾರು?"

"ನನಗೂ ಅದೇ ತಿಳಿಯುತ್ತಿಲ್ಲ," ಎಂದರು ಕಾಕು, ಅವರೂ ಬಂಗಾಳಿಯಲ್ಲೇ.

ಆಮೇಲಿನ ಅರ್ಧ ಗಂಟೆ ಇಬ್ಬರೂ ನನ್ನ ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತು ವಿಚಾರಣೆ ನಡೆಸಿದರು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಿದ್ದರು, ಬಹಳ ಸಲೀಸಾಗಿ, ಯಾಕೆಂದರೆ ಅವರು ಮೂವತ್ತು ವರ್ಷ ಇದನ್ನೇ ಮಾಡಿದ್ದರು. ಕೆಟ್ಟ ಟೆಲಿಫೋನ್ ಲೈನುಗಳ ದೂರು ಬಂದರೆ ದೋಷ ಎಲ್ಲಿದೆ ಎಂದು ಹುಡುಕುವುದೇ ಅವರ ಮೇಜಿನ ಕೆಲಸವಾಗಿತ್ತು. ನಾನು ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ. ಕಾಕು ಕನ್ನಡಕ್ಕೆ ಬಂದರು, ಅಷ್ಟು ಕನ್ನಡ ಮಾಶಿಮಾ ಅವರಿಗೂ ತಿಳಿಯುತ್ತಿತ್ತು.

"ಒಂದು ಫೋನ್ ಕೆಟ್ಟದ ಅಂತ ಇಡೀ ಓಣಿಗೆ ಹಳೇ ವೈರ್ ಎಳದೀಯೇನೋ?"

ಹೌದು ಎಂದೆ.

"ಮೊದಲ ದಿನ ಅದು ಸಾಯೋ ಮುಂದ ಏನ್ ಕೇಳ್ತು, ಪೂರಾ ಓದಿದ್ಯೇನು?"

ನಿಮ್ಮ ಹತ್ತಿರ ಮುಚ್ಚಿಡುವುದೇನು, ಓದಿರಲಿಲ್ಲ. ಕಂಪ್ಯೂಟರ್ ಹೇಳುವುದನ್ನು ಕೊನೆಯವರೆಗೆ ಓದುವುದು ಗೊತ್ತಿಲ್ಲದವರ ಕೆಲಸ ಎಂದು ನಾನು ತಿಳಿದಿದ್ದೆ. ಮಾಶಿಮಾ ನನ್ನ ಭುಜ ತಟ್ಟಿ, ಮಗನನ್ನು ಕರೆದಂತೆ ಬಾಬಾ ಎಂದು ಕರೆದು, ಮೊದಲು ನೀನು ಹಾಕಿದ್ದನ್ನೆಲ್ಲ ತೆಗೆ, ಓಣಿಯವರ ಫೋನು ಬರಲಿ, ಎಂದರು.

ಕಪ್ಪು ಪರದೆಯಲ್ಲೇ ಅಕ್ಷರದ ಆಜ್ಞೆಗಳಿಗೆ ಯಂತ್ರ ಇನ್ನೂ ಉತ್ತರ ಕೊಡುತ್ತಿತ್ತು. ಸುರಿದದ್ದನ್ನೆಲ್ಲ ಅಳಿಸಿದೆ, ಅಂಟಿಸಿದ ಸುಳ್ಳು ಚೀಟಿಯನ್ನೂ ಕಿತ್ತೆ. ಹಿಮಪರ್ವತ ಮರಳಿತು. ಆಮೇಲೆ ಚೆಸ್ಸಿಗೆ ಯಾವ ಯಾವ ಲೈಬ್ರರಿ ಬೇಕು ಎಂದು ಪಟ್ಟಿ ಕೇಳಿದೆ. ಹಾಗೆ ಕೇಳಲು ಮೂರಕ್ಷರದ ಒಂದು ಆಜ್ಞೆ ಇದೆ. ಮೊದಲ ದಿನವೇ ಕೇಳಬಹುದಿತ್ತು. ಇಪ್ಪತ್ತು ಹೆಸರು ಬಂದವು. ಮಾಶಿಮಾ ಬೆರಳಿಟ್ಟು ಒಂದೊಂದಾಗಿ ಓದಿದರು, ಕಾಕು ಹಳೆಯ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿಕೊಂಡರು. ಹತ್ತೊಂಬತ್ತು ಸಿಕ್ಕಿದ್ದವು. ಒಂದರ ಮುಂದೆ ಮಾತ್ರ ಸಿಗಲಿಲ್ಲ ಎಂದಿತ್ತು.

ಚೆಸ್ಸಿಗೆ ಮಾತ್ರ, ಅದರ ಮನೆಯೊಳಗೇ, ಬೇರೆ ಯಾರಿಗೂ ಕಾಣದ ಹಾಗೆ ಹಳೆಯದನ್ನು ಕೊಡಲು ಬರುವುದಿಲ್ಲವೇ ಎಂದು ಕಾಕು ಕೇಳಿದರು. ಬರುತ್ತದೆ. ಅದೇ ಸರಿಯಾದ ದಾರಿ. ಆ ಒಂದೇ ಕಡತವನ್ನು ಚೆಸ್ಸಿನ ಫೋಲ್ಡರಿನಲ್ಲಿ ಇಟ್ಟು, ಮೂರು ಸಾಲು ಬರೆದೆ: ನೀನು ಮೊದಲು ಇಲ್ಲಿ ನೋಡು, ಆಮೇಲೆ ಎಲ್ಲರೂ ನೋಡುವಲ್ಲಿಗೆ ಹೋಗು, ಎಂದು. ಉಳಿದ ಪ್ರೋಗ್ರಾಮುಗಳಿಗೆ ಅದರ ಸುಳಿವೇ ಇಲ್ಲ. ಚೆಸ್ ತೆರೆಯಿತು. ಕಾಯಿಗಳಿದ್ದವು. ಟಿಪ್ಪಣಿಗಳಿದ್ದವು. ಅತ್ಯಂತ ಮೇಲಿದ್ದದ್ದು ನಾನು ಉದ್ಧಾರಕ್ಕೆ ಕೈ ಹಾಕುವ ಹಿಂದಿನ ದಿನ ಕಾಕು ಬರೆದದ್ದು. ಮೇಲಿನ ಮನೆಯ ಹುಡುಗ ನಾಳೆ ಬರುತ್ತಾನಂತೆ, ಕೆಡದೇ ಇರುವುದನ್ನು ರಿಪೇರಿ ಮಾಡಲು.

ಒಲೆಯ ಮೇಲೆ ಹಾಲಿದ್ದರೂ ನನ್ನ ಮಾತು ಪೂರಾ ಕೇಳಿಸಿತ್ತು ಎಂದಾಯಿತು.

ಇಬ್ಬರೂ ಈಗ ಕೂತು ಚಹಾ ಕುಡಿಯುತ್ತಾರೆ, ಹಳೆಯದನ್ನು ಮರೆಯುತ್ತಾರೆ ಎಂದು ನಾನು ಎದ್ದು ನಿಂತು ಕಾದೆ. ಮಾಶಿಮಾ ತಮ್ಮ ನಡೆ ನಡೆಸಿದರು, ಏನೋ ಟೈಪ್ ಮಾಡಿದರು, ಯಾರ ಮುಖವನ್ನೂ ನೋಡದೆ ಮೇಲೆ ಹೋದರು. ಅವರು ಮೆಟ್ಟಿಲು ಹತ್ತಿ ಮುಗಿಸುವವರೆಗೆ ಕಾಕು ಕಿಟಕಿಯ ಕಡೆ ತಿರುಗಿದ್ದರು. ಆಮೇಲೆ ಹೋಗಿ ಓದಿದರು. ನನ್ನನ್ನು ಬೈಯಲು ಬೇಕಾಗಿದ್ದ ಮಾತು ಮುಗಿದಿತ್ತು, ಅಷ್ಟೇ. ಅವರಿಬ್ಬರೂ ಮತ್ತೆಂದೂ ಬಾಯಿಬಿಟ್ಟು ಮಾತಾಡಲಿಲ್ಲ.

ನಾನು ಮದುವೆಯಾಗಿ ನ್ಯೂ ಟೌನಿಗೆ ಹೋದೆ. ಹೋದ ಚಳಿಗಾಲದಲ್ಲಿ ಕಾಕು ಫೋನ್ ಮಾಡಿ, ದತ್ತಾ ಹೋದ್ಲು, ಆಟ ಅರ್ಧಕ್ಕ ನಿಂತದ, ಎಂದಷ್ಟೇ ಹೇಳಿ ಇಟ್ಟರು. ಈಗ ಮಾಶಿಮಾ ಅವರ ಮಗಳು ಮಿಠು ಶಿಲಿಗುಡಿಯಿಂದ ಬಂದಿದ್ದಾಳೆ, ಮೇಲಿನ ಮನೆ ಖಾಲಿ ಮಾಡಲು. ಅವಳಿಗೆ ಚೆಸ್ ಬರುವುದಿಲ್ಲ. ಅಮ್ಮ ಬರೆದದ್ದನ್ನು ಓದಬೇಕಂತೆ. ನಾಲ್ಕಕ್ಕೆ ಗಂಡನ ಜೊತೆ ಬರುತ್ತಾಳೆ.

ಹೀಗಾಗಿ ಭಾನುವಾರ ನಾನು ಆಟಗಳನ್ನು ಒಂದೊಂದಾಗಿ ತೆರೆದು, ಯಾರಿಗೂ ಓದಲು ಬರುವ ಸಾದಾ ಕಡತಕ್ಕೆ ಟಿಪ್ಪಣಿಗಳನ್ನು ಇಳಿಸುತ್ತಾ ಹೋದೆ. ಕಾಕು ಗಟ್ಟಿಯಾಗಿ ಓದಲು ಹೇಳಿದರು. ಒಂದು ಕಡೆ ಮಾಶಿಮಾ ಬರೆದಿದ್ದರು, ಧಾರವಾಡ ಮದ್ರಾಸಿನಿಂದ ಎಷ್ಟು ದೂರ ಎಂದು ನಕ್ಷೆಯಲ್ಲಿ ನೋಡಿದೆ, ಬಹಳ ದೂರ. ಅದರ ಕೆಳಗೆ ಕಾಕು ಬರೆದ ಉತ್ತರ: ನಿಮ್ಮ ಆನೆ ಹೋಯಿತು. ನಾನು ಓದುವುದನ್ನು ನಿಲ್ಲಿಸಿದೆ. ಮುಂದೆ ಹೋಗು ಎಂದರು. ಇನ್ನೊಂದು ಕಡೆ ಅಳಿಯನ ವಿಷಯ ಬಂತು. ಇಲಿಶ್ ಮೀನಿನ ಮುಳ್ಳು ತೆಗೆಯಲು ಬಾರದವನಿಗೆ ಮಗಳನ್ನು ಕೊಟ್ಟೆ ಎಂದು ಮಾಶಿಮಾ ಮೂರು ಆಟಗಳುದ್ದಕ್ಕೂ ಹಲುಬಿದ್ದರು. ಅದನ್ನು ತೆಗಿ ಎಂದರು ಕಾಕು. ನಾನು ಅಳಿಸಲು ಹೋದಾಗ ನನ್ನ ಕೈ ಹಿಡಿದರು.

"ಬ್ಯಾಡ, ಇರ್ಲಿ. ಖರೇನ ಬರದಾಳ."

ಉಳಿದದ್ದು ಕೊನೆಯ ಆಟ, ಮುಗಿಯದ್ದು. ಮಾಶಿಮಾ ನಡೆಸಬೇಕಾದ ಸರದಿ. ಇದನ್ನೂ ಸೇರಿಸಲೇ ಎಂದು ಕೇಳಿದೆ. ಕಾಕು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಸೇರ್ಸು. ಆಕಿ ಸೋಲ್ಲಿಕ್ಕತ್ತಿದ್ಳು ಅಂತ ಮಗಳಿಗೂ ಗೊತ್ತಾಗ್ಲಿ."

ನನಗೆ ಚೆಸ್ ಅಷ್ಟಾಗಿ ಬರುವುದಿಲ್ಲ, ಆದರೂ ಬೋರ್ಡನ್ನು ನೋಡಿದೆ. ಕಾಕು ಅವರ ರಾಜ ತನ್ನದೇ ಕಾಲಾಳುಗಳ ನಡುವೆ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ. ಮಾಶಿಮಾ ಅವರ ಕುದುರೆ ಒಂದು ಸಲ ನೆಗೆದರೆ ಕಾಕು ಅವರ ಆಟ ಮುಗಿಯಿತು. ಹಿಂದಿನ ನಾನಾಗಿದ್ದರೆ ತೋರಿಸಿಯೇ ಬಿಡುತ್ತಿದ್ದೆ. ಹೊರಗೆ ಗೇಟಿನ ಸದ್ದಾಯಿತು, ಮಿಠು ಬಂದಿರಬೇಕು. ಆಯ್ತು ಕಾಕು ಎಂದು, ಇದ್ದದ್ದನ್ನು ಇದ್ದ ಹಾಗೆ ಪೆನ್ ಡ್ರೈವಿಗೆ ಹಾಕಿದೆ.