ಮುಟ್ಟದೆ ಬಿಟ್ಟ ಕಾಲು

ಬಿರುಬೇಸಿಗೆಯಲ್ಲಿ ಉಣ್ಣೆಯ ಕಾಲುಚೀಲ ಹೊಲಿಯುತ್ತಿದ್ದ ದರ್ಜಿ ಅಕ್ಕನನ್ನು ಕಂಡು, ಈಕೆಗೆ ವ್ಯಾಪಾರವೇ ತಿಳಿಯದು ಎಂದು ಇದನ್ನು ಬರೆಯುತ್ತಿರುವ ಮಹಾಜ್ಞಾನಿ ತೀರ್ಮಾನಿಸಿಬಿಟ್ಟಿದ್ದ. ಅದು ಮಾರುವುದಕ್ಕಲ್ಲ, ಮಗಳಿಗೆ.

ಮಗಳು ಏಳು ತಿಂಗಳಿಗೇ ಹುಟ್ಟಿದವಳು, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿ ಇರುವವಳು. ಮೈಯೆಲ್ಲ ಬೆವರಿದರೂ ಅವಳ ಪಾದ ಮಾತ್ರ ನೀಲಿಗಟ್ಟಿ ಕೊರೆಯುತ್ತಿತ್ತು. ಆರು ವರ್ಷದ ಹಿಂದೆ ಇದನ್ನು ಹೇಳಿದಾಗ ದೊಡ್ಡ ಡಾಕ್ಟರು ಕುರ್ಚಿಯಿಂದ ಅಲ್ಲಾಡದೆ, ಆ ಕಾಲನ್ನು ಮುಟ್ಟಿಯೂ ನೋಡದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ "ಅದೆಲ್ಲ ನಿಮ್ಮ ಭ್ರಮೆ ಕಣಮ್ಮ" ಎಂದಿದ್ದರು. ಈ ಮನುಷ್ಯನ ಕೈಯಲ್ಲಿ ಆ ಕಾಲು ಹಿಡಿಸದೆ ಬಿಡುವುದಿಲ್ಲ ಎಂದು ಅಕ್ಕ ಅಂದೇ ಹಲ್ಲು ಕಚ್ಚಿದಳು. ಹೊಲಿಗೆ ಯಂತ್ರದ ಸೂಜಿ ಬಟ್ಟೆಗಿಳಿದಾಗಲೆಲ್ಲ ಅವಳ ಕಣ್ಣಿಗೆ ಕಾಣುತ್ತಿದ್ದುದು ಆ ಕುರ್ಚಿಯ ಮೆತ್ತೆ.

ಮೊನ್ನೆ ಅದೇ ಡಾಕ್ಟರು ಆಸ್ಪತ್ರೆಯ ಸಭಾಂಗಣದಲ್ಲಿ ತಂದೆತಾಯಂದಿರಿಗೆ ಚಿತ್ರ ತೋರಿಸಿ ಪಾಠ ಹೇಳುತ್ತಿದ್ದರು. ಎದೆಬಡಿತ, ಬೆವರು, ರಕ್ತದ ಓಟವನ್ನೆಲ್ಲ ನಮ್ಮನ್ನು ಕೇಳದೆ ನಡೆಸುವ ನರಗಳು ಇಂಥ ಮಕ್ಕಳಲ್ಲಿ ತಾಳ ತಪ್ಪಬಹುದಂತೆ, ಕಾಲು ತಣ್ಣಗಾಗಬಹುದಂತೆ. ಅಕ್ಕ ಮಗಳನ್ನೆತ್ತಿಕೊಂಡು ನೇರ ವೇದಿಕೆ ಹತ್ತಿದಳು. ಏನು ಮಾಡಬೇಕೆಂದು ಅಮ್ಮ ಮಗಳು ಮನೆಯಲ್ಲೇ ಮಾತಾಡಿಕೊಂಡಿದ್ದರು.

"ಹಿಡೀರಿ ಸಾರ್" ಎಂದು ಕಾಲುಚೀಲ ಕಳಚಿ, ಪಾದವನ್ನು ಅವರ ಅಂಗೈಯಲ್ಲೇ ಇಟ್ಟಳು. ಡಾಕ್ಟರು ಬೆಚ್ಚಿಬಿದ್ದರು. ಮಗಳು ಕಿಸಕ್ಕನೆ ನಕ್ಕಳು.

"ಅಬ್ಬಾ! ಯಾವಾಗಿಂದ ಹೀಗಿದೆಯಮ್ಮಾ?"

"ನೀವು ಭ್ರಮೆ ಅಂದ್ರಲ್ಲ, ಅದಕ್ಕೂ ಮುಂಚೆಯಿಂದ."